ಬ್ಲೂಸ್ ನುಡಿಸಲು ಯಾವ ಹಾರ್ಮೋನಿಕಾ ಕೊಳ್ಳಬೇಕು? ಅನುಭವಿಗಳ ಸಲಹೆ ಬೇಕು

ಪ್ರಶ್ನೆ

ನನ್ನ ಬಳಿ 24 ರಂಧ್ರಗಳ ಟ್ರೆಮೊಲೊ ಹಾರ್ಮೋನಿಕಾ ಇದೆ, ಅದರಲ್ಲಿ ಹಾಡುಗಳ ಧಾಟಿಯನ್ನು ತಕ್ಕಮಟ್ಟಿಗೆ ನುಡಿಸಬಲ್ಲೆ. ಈಚೆಗೆ ಗಿಟಾರ್ ನುಡಿಸುವ ಗೆಳೆಯರೊಡನೆ ಬ್ಲೂಸ್ (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತಶೈಲಿ) ಪ್ರಯತ್ನಿಸಿದಾಗ, ಧ್ವನಿಮುದ್ರಣಗಳಲ್ಲಿ ಕೇಳಿಬರುವ ಆ ಜಾರುವ ಸ್ವರಗಳು ಎಷ್ಟು ಉಸಿರೆಳೆದರೂ ಹೊರಡಲಿಲ್ಲ. ಆದ್ದರಿಂದ ಬೇರೊಂದು ವಾದ್ಯ ಕೊಳ್ಳಬೇಕೆಂದಿದ್ದೇನೆ. ಒಂದೇ ಶ್ರುತಿಯ ಏಳು ಸ್ವರಗಳಿಗೆ ಹೊಂದಿಸಿದ ಡಯಾಟಾನಿಕ್ ಬೇಕೋ ಹನ್ನೆರಡೂ ಸ್ವರಗಳಿರುವ ಕ್ರೊಮ್ಯಾಟಿಕ್ ಬೇಕೋ, ಯಾವ ಶ್ರುತಿಯಿಂದ ಆರಂಭಿಸಬೇಕು, ಒಳಗಿನ ಚೌಕಟ್ಟು ಮರದ್ದಾಗಿರಬೇಕೋ ಪ್ಲಾಸ್ಟಿಕ್ಕಿನದೋ, ಏಳು ಶ್ರುತಿಗಳಿರುವ ಅಗ್ಗದ ಸೆಟ್ ಕೊಳ್ಳಬಹುದೋ ಎಂಬುದನ್ನು ನುಡಿಸುತ್ತಿರುವವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಿಮ್ಮ ಟ್ರೆಮೊಲೊದಲ್ಲಿ ಸ್ವರ ಜಾರದಿರುವುದಕ್ಕೆ ನಿಮ್ಮ ಉಸಿರು ಕಾರಣವಲ್ಲ, ವಾದ್ಯದ ರಚನೆಯೇ ಕಾರಣ. ಟ್ರೆಮೊಲೊದಲ್ಲಿ ಒಂದೇ ಸ್ವರಕ್ಕೆ ತುಸು ವ್ಯತ್ಯಾಸದಲ್ಲಿ ಶ್ರುತಿ ಮಾಡಿದ ಎರಡು ರೀಡುಗಳಿರುತ್ತವೆ (ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ತೆಳುವಾದ ಲೋಹದ ಪಟ್ಟಿಗಳು) ಮತ್ತು ಪ್ರತಿಯೊಂದು ರೀಡೂ ತನ್ನದೇ ಪುಟ್ಟ ಕೋಣೆಯಲ್ಲಿರುತ್ತದೆ. ಬ್ಲೂಸ್‌ಗೆ ಬಳಸುವ ಹತ್ತು ರಂಧ್ರಗಳ ಡಯಾಟಾನಿಕ್ ಹಾರ್ಮೋನಿಕಾದಲ್ಲಾದರೋ ಒಂದೇ ಕೋಣೆಯಲ್ಲಿ ಊದಿದಾಗ ನುಡಿಯುವ ಒಂದು ರೀಡ್, ಎಳೆದಾಗ ನುಡಿಯುವ ಇನ್ನೊಂದು ರೀಡ್ ಎದುರುಬದುರಾಗಿ ಇರುತ್ತವೆ. ನಾಲಗೆಯ ಹಿಂಭಾಗವನ್ನು ಹಿಂದಕ್ಕೂ ಕೆಳಕ್ಕೂ ಸರಿಸಿ ಬಾಯಿಯ ಒಳಗಿನ ಅವಕಾಶವನ್ನು ಬದಲಿಸಿದಾಗ, ಆ ಎರಡರಲ್ಲಿ ಎತ್ತರದ ಸ್ವರದ ರೀಡ್ ತಗ್ಗುತ್ತಾ ಬರುತ್ತದೆ, ತಗ್ಗಿನ ಸ್ವರದ ರೀಡ್ ಅದರೊಡನೆ ತಾನೂ ಕಂಪಿಸತೊಡಗುತ್ತದೆ. ಬೆಂಡ್ ಎಂದು ನಾವು ಕರೆಯುವುದು ಇದನ್ನೇ. ಎರಡು ಸ್ವರಗಳ ನಡುವೆ ಎಷ್ಟು ಅಂತರವಿದೆಯೋ ಹೆಚ್ಚುಕಡಿಮೆ ಅಷ್ಟೇ ಬೆಂಡ್ ಸಿಗುವುದರಿಂದ, ಎಳೆಯುವಾಗ ಒಂದು, ನಾಲ್ಕು ಮತ್ತು ಆರನೆಯ ರಂಧ್ರಗಳಲ್ಲಿ ಅರ್ಧ ಸ್ವರ, ಎರಡನೆಯದರಲ್ಲಿ ಒಂದು ಪೂರ್ಣ ಸ್ವರ, ಮೂರನೆಯದರಲ್ಲಿ ಒಂದೂವರೆ ಸ್ವರದಷ್ಟು ಇಳಿಯಬಹುದು. ಎಂಟರಿಂದ ಹತ್ತರವರೆಗೆ ಊದುವ ಸ್ವರಗಳು ಬಗ್ಗುತ್ತವೆ.

ಕ್ರೊಮ್ಯಾಟಿಕ್‌ನಲ್ಲಿ ಗುಂಡಿ ಒತ್ತಿದರೆ ಹನ್ನೆರಡೂ ಸ್ವರಗಳು ಸಿಗುತ್ತವೆ, ನಿಜ. ಆದರೆ ರೀಡುಗಳ ಮೇಲೆ ಅಂಟಿಸಿರುವ ತೆಳುವಾದ ಕವಾಟಗಳಿಂದಾಗಿ ಬೆಂಡಿನ ಸ್ವಭಾವವೇ ಬೇರೆಯಾಗಿರುತ್ತದೆ. ಲಿಟಲ್ ವಾಲ್ಟರ್, ಜಾರ್ಜ್ ಸ್ಮಿತ್ ಮೊದಲಾದ ಹೆಸರಾಂತ ಬ್ಲೂಸ್ ಹಾರ್ಮೋನಿಕಾ ವಾದಕರು ಕ್ರೊಮ್ಯಾಟಿಕ್‌ನಲ್ಲಿಯೂ ಭರ್ಜರಿಯಾಗಿ ಬ್ಲೂಸ್ ನುಡಿಸಿದ್ದಾರೆ, ಆದರೆ ಅವರೂ ಹತ್ತು ರಂಧ್ರದ ವಾದ್ಯದಲ್ಲಿ ಪಳಗಿದವರೇ. ಮೊದಲ ವಾದ್ಯವಾಗಿ ಕ್ರೊಮ್ಯಾಟಿಕ್ ಬೇಡ. ಕೊಳ್ಳುವಾಗ ಹತ್ತು ರಂಧ್ರಗಳು, ರಿಕ್ಟರ್ ಶ್ರುತಿವಿನ್ಯಾಸ (ಇಂತಹ ವಾದ್ಯಗಳಲ್ಲಿ ವಾಡಿಕೆಯ ಸ್ವರಜೋಡಣೆ), ಮೇಜರ್ (ನಮ್ಮ ಶಂಕರಾಭರಣದಂಥ ಸ್ವರಶ್ರೇಣಿ) ಎಂಬ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ.

ಎರಡನೆಯ ಉತ್ತರ

ಶ್ರುತಿಯ ವಿಚಾರವನ್ನು ನಾನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ಸಿ ಹಾರ್ಮೋನಿಕಾದಲ್ಲಿ, ಅಂದರೆ ಪಾಶ್ಚಾತ್ಯ ಸಿ ಸ್ವರವನ್ನು ಷಡ್ಜವಾಗಿಟ್ಟು ಮಾಡಿದ ವಾದ್ಯದಲ್ಲಿ, ಬ್ಲೂಸನ್ನು ಸಾಮಾನ್ಯವಾಗಿ ಸಿ ಶ್ರುತಿಯಲ್ಲಿ ನುಡಿಸುವುದಿಲ್ಲ, ಜಿ ಶ್ರುತಿಯಲ್ಲಿ ನುಡಿಸುತ್ತಾರೆ. ಇದಕ್ಕೆ ಎರಡನೆಯ ಪೊಸಿಷನ್ ಅಥವಾ ಕ್ರಾಸ್ ಹಾರ್ಪ್ ಎನ್ನುತ್ತಾರೆ. ವಾದ್ಯದ ಪಂಚಮವನ್ನೇ ಷಡ್ಜವಾಗಿ ಹಿಡಿದು ನುಡಿಸುವ ಕ್ರಮ ಇದು. ಹಾಗೆ ಹಿಡಿದಾಗ ಎರಡನೆಯ ರಂಧ್ರವನ್ನು ಎಳೆದರೆ ಷಡ್ಜ, ಐದನೆಯದನ್ನು ಎಳೆದರೆ ಕೈಶಿಕಿ ನಿಷಾದ, ಮೂರನೆಯದನ್ನು ಎಳೆದು ಅರ್ಧ ಸ್ವರ ಬಗ್ಗಿಸಿದರೆ ಸಾಧಾರಣ ಗಾಂಧಾರ, ನಾಲ್ಕನೆಯದನ್ನು ಎಳೆದು ಬಗ್ಗಿಸಿದರೆ ಪ್ರತಿ ಮಧ್ಯಮ ದೊರೆಯುತ್ತವೆ. ಬ್ಲೂಸ್‌ಗೆ ಬೇಕಾದ ಬಣ್ಣವೆಲ್ಲ ಬಹುಮಟ್ಟಿಗೆ ಈ ಸ್ವರಗಳಲ್ಲಿದೆ, ಅವೆಲ್ಲವೂ ಎಳೆಯುವ ಸ್ವರಗಳಾಗಿರುವುದರಿಂದ ನಾಲಗೆಯ ಹಿಡಿತಕ್ಕೆ ಸಿಗುತ್ತವೆ.

ಹಾಗಾದರೆ ಹಾಡಿನ ಶ್ರುತಿಗೆ ಯಾವ ಹಾರ್ಮೋನಿಕಾ ಎಂಬುದನ್ನು ಹೀಗೆ ಲೆಕ್ಕ ಹಾಕಬೇಕು: ಹಾಡಿನ ಷಡ್ಜದಿಂದ ಶುದ್ಧ ಮಧ್ಯಮ ಎಲ್ಲಿ ಬರುತ್ತದೆಯೋ ಅದೇ ನಿಮಗೆ ಬೇಕಾದ ವಾದ್ಯದ ಶ್ರುತಿ. ಹಾಡು ಇ ಶ್ರುತಿಯಲ್ಲಿದ್ದರೆ ಎ ಹಾರ್ಮೋನಿಕಾ, ಎ ಶ್ರುತಿಯಲ್ಲಿದ್ದರೆ ಡಿ, ಜಿ ಶ್ರುತಿಯಲ್ಲಿದ್ದರೆ ಸಿ, ಡಿ ಶ್ರುತಿಯಲ್ಲಿದ್ದರೆ ಜಿ ಬೇಕು.

ಮೊದಲನೆಯದು ಯಾವುದು ಎಂಬ ಪ್ರಶ್ನೆಗೆ ಬಹುತೇಕರು ಸಿ ಎನ್ನುತ್ತಾರೆ. ಪಾಠಗಳಲ್ಲಿ ಹೆಚ್ಚಿನವು ಸಿ ವಾದ್ಯವನ್ನೇ ಬಳಸುವುದರಿಂದ ಮತ್ತು ಅದರ ಎತ್ತರ ಸಾಮಾನ್ಯವಾಗಿ ಸಿಗುವ ಶ್ರುತಿಗಳ ನಡುವೆ ಬೀಳುವುದರಿಂದ ಆ ಸಲಹೆಯಲ್ಲಿ ಅರ್ಥವಿದೆ. ಆದರೂ ನನ್ನ ಮತ ಎ ಕಡೆಗಿದೆ. ಎ ವಾದ್ಯ ಸಿಗಿಂತ ತಗ್ಗಿನದು, ಅದರ ಧ್ವನಿ ತುಂಬಿದ್ದು, ಮೂರನೆಯ ರಂಧ್ರದ ಬೆಂಡಿನಲ್ಲಿ ಯಾವ ಸ್ವರಕ್ಕೆ ಇಳಿದಿದ್ದೇವೆಂದು ಕಿವಿಗೆ ಸ್ಪಷ್ಟವಾಗುತ್ತದೆ. ಇನ್ನೂ ತಗ್ಗಿನ ಜಿ ವಾದ್ಯದ ರೀಡುಗಳು ಉದ್ದವಾಗಿದ್ದು ಹೆಚ್ಚು ಗಾಳಿ ಕೇಳುತ್ತವೆ, ಎತ್ತರದ ಎಫ್ ವಾದ್ಯದ ಬೆಂಡುಗಳು ತೀರ ಸೂಕ್ಷ್ಮ. ಅವೆರಡನ್ನೂ ಮೊದಲಿಗೆ ತೆಗೆದುಕೊಳ್ಳಬೇಡಿ.

ಮೂರನೆಯ ಉತ್ತರ

ತಯಾರಕರ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಜರ್ಮನಿಯ ಟ್ರೊಸಿಂಗೆನ್‌ನ ಹೋನರ್ ಸಂಸ್ಥೆ 1896ರಲ್ಲಿ ಹೊರತಂದ ಮರೀನ್ ಬ್ಯಾಂಡ್ ಇಂದಿಗೂ ಅದೇ ಹೆಸರಿನಲ್ಲಿ ಸಿಗುತ್ತದೆ. ಶಿಕಾಗೋ ಬ್ಲೂಸ್‌ನ ಹಿರಿಯರು ನುಡಿಸುತ್ತಿದ್ದುದು ಮುಖ್ಯವಾಗಿ ಇದನ್ನೇ, ಹಾಗಾಗಿ ಆ ಕಾಲದ ಧ್ವನಿಮುದ್ರಣಗಳನ್ನು ಕೇಳಿ ಮನಸೋತವರೆಲ್ಲ ನೇರವಾಗಿ ಅದಕ್ಕೇ ಕೈಹಾಕುತ್ತಾರೆ. ಧ್ವನಿ ತೆರೆದದ್ದು, ಚುರುಕಾದದ್ದು. ಆದರೆ ಅದರ ಮೂಲ ಮಾದರಿಯ ಚೌಕಟ್ಟು ಪೇರ್ ಮರದ್ದು, ರೀಡ್ ತಟ್ಟೆಗಳನ್ನು (ರೀಡುಗಳನ್ನು ಕೂರಿಸಿರುವ ಲೋಹದ ತಟ್ಟೆಗಳು) ಮೊಳೆಗಳಿಂದ ಹೊಡೆದಿರುತ್ತಾರೆ. ಎಂಜಲಿನ ತೇವಕ್ಕೆ ಮರ ಉಬ್ಬಿ, ರಂಧ್ರಗಳ ನಡುವಿನ ಚೌಕಟ್ಟಿನ ಹಲ್ಲುಗಳ ತುದಿ ಹೊರಚಾಚಿದರೆ ತುಟಿ ತರಚುತ್ತದೆ, ಮೊಳೆಯ ಕಾರಣದಿಂದ ಬಿಚ್ಚಿ ಶುಚಿ ಮಾಡುವುದೂ ಸುಲಭವಲ್ಲ. ಈ ತೊಂದರೆಗಳನ್ನು ನಿವಾರಿಸಲೆಂದೇ ಅವರು ಮರಕ್ಕೆ ಲೇಪ ಹಚ್ಚಿ ಸ್ಕ್ರೂ ಹಾಕಿದ ಡೀಲಕ್ಸ್ ಮಾದರಿಯನ್ನೂ, ಬಿದಿರಿನ ಚೌಕಟ್ಟಿನ ಕ್ರಾಸ್‌ಓವರ್ ಮಾದರಿಯನ್ನೂ ಆಮೇಲೆ ತಂದರು.

ಅದೇ ಸಂಸ್ಥೆಯ ಸ್ಪೆಷಲ್ 20 ಪ್ಲಾಸ್ಟಿಕ್ ಚೌಕಟ್ಟಿನದು, ರೀಡ್ ತಟ್ಟೆಗಳು ಅಂಚಿನಿಂದ ಒಳಸರಿದಿರುವುದರಿಂದ ಬಾಯಿಗೆ ಮೃದುವಾಗಿರುತ್ತದೆ, ಗಾಳಿ ಸೋರುವುದೂ ಕಡಿಮೆ. ಆರಂಭಿಕರಿಗೆ ಕಣ್ಣುಮುಚ್ಚಿ ಹೇಳಬಹುದಾದ ಹೆಸರು ಇದು. ಜಪಾನಿನ ಟೊಂಬೊ ತಯಾರಿಸುವ ಲೀ ಆಸ್ಕರ್ ವಾದ್ಯಗಳಿಗೆ ರೀಡ್ ತಟ್ಟೆಗಳು ಬಿಡಿಯಾಗಿ ಸಿಗುತ್ತವೆ, ಒಂದು ರೀಡ್ ಕೆಟ್ಟರೆ ಇಡೀ ವಾದ್ಯವನ್ನು ಎಸೆಯಬೇಕಾಗಿಲ್ಲ. 1847ರಲ್ಲಿ ಆರಂಭವಾದ ಸೈಡೆಲ್ ಸಂಸ್ಥೆಯ ಕೆಲವು ಮಾದರಿಗಳಲ್ಲಿ ಹಿತ್ತಾಳೆಯ ಬದಲು ಸ್ಟೇನ್‌ಲೆಸ್ ಸ್ಟೀಲ್ ರೀಡುಗಳಿದ್ದು, ಜೋರಾಗಿ ನುಡಿಸುವವರು ಅವನ್ನು ಮೆಚ್ಚುತ್ತಾರೆ.

ಮರದ್ದಕ್ಕೆ ಧ್ವನಿ ಚೆನ್ನ ಎಂಬ ವಾದ ಎಂದಿಗೂ ಮುಗಿಯುವಂಥದ್ದಲ್ಲ. ನನ್ನ ಕಿವಿಗೆ ತಿಳಿದುಬಂದಿರುವಷ್ಟರ ಮಟ್ಟಿಗೆ ವ್ಯತ್ಯಾಸ ಮಾಡುವುದು ಚೌಕಟ್ಟಿನ ವಸ್ತುವಲ್ಲ, ಚೌಕಟ್ಟಿಗೂ ರೀಡ್ ತಟ್ಟೆಗೂ ನಡುವೆ ಗಾಳಿ ಸೋರದಿರುವುದು ಮತ್ತು ಮೇಲಿನ ಮುಚ್ಚಳ ಹಿಂದೆ ಎಷ್ಟು ತೆರೆದಿದೆ ಎಂಬುದು.

ಶ್ರುತಿ ಮಾಡುವ ಪದ್ಧತಿಯನ್ನೂ ಗಮನಿಸಿ. ಎರಡು ಮೂರು ರಂಧ್ರಗಳನ್ನು ಒಟ್ಟಿಗೆ ನುಡಿಸಿದಾಗ ಸ್ವರಗಳು ಒಂದರೊಳಗೊಂದು ಬೆರೆಯಬೇಕಾದರೆ ಶುದ್ಧ ಅನುಪಾತಗಳ ಕಡೆಗೆ ಒಲಿದ ಶ್ರುತಿ ಬೇಕು. ಹನ್ನೆರಡು ಸಮಭಾಗಗಳ ಶ್ರುತಿಯಲ್ಲಿ, ಉದಾಹರಣೆಗೆ ಹೋನರ್‌ನ ಹಳೆಯ ಗೋಲ್ಡನ್ ಮೆಲಡಿ ಮಾದರಿಯಲ್ಲಿ, ಬಿಡಿ ಸ್ವರಗಳು ಪಿಯಾನೋಗೆ ಹೊಂದುತ್ತವೆ, ಆದರೆ ಒಟ್ಟಿಗೆ ನುಡಿಸಿದಾಗ ತುಸು ಒರಟಾಗಿ ಕೇಳುತ್ತವೆ. ಬ್ಲೂಸ್‌ನಲ್ಲಿ ಸ್ವರಗುಚ್ಛಗಳ ಬಳಕೆ ಹೆಚ್ಚು. ಈಗಿನ ಹಲವು ಮಾದರಿಗಳು ಇವೆರಡರ ನಡುವಿನ ರಾಜಿಯ ಶ್ರುತಿಯಲ್ಲಿರುವುದರಿಂದ ಬಹಳ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ನಾಲ್ಕನೆಯ ಉತ್ತರ

ನಾನು ಹವ್ಯಾಸಕ್ಕಾಗಿ ಗೆಳೆಯರ ಹಾರ್ಮೋನಿಕಾಗಳನ್ನು ಬಿಚ್ಚಿ ಸರಿಪಡಿಸುತ್ತೇನೆ. ಏಳು ಶ್ರುತಿಗಳ ಅಗ್ಗದ ಸೆಟ್ ಬೇಡ ಎಂಬುದೇ ನನ್ನ ಖಚಿತ ಅಭಿಪ್ರಾಯ. ಅಂತಹ ಸೆಟ್‌ಗಳಲ್ಲಿ ರೀಡ್ ತಟ್ಟೆ ಸಮತಟ್ಟಾಗಿರುವುದಿಲ್ಲ, ರೀಡಿನ ಸುತ್ತ ಸಂದು ಅಗಲವಾಗಿರುತ್ತದೆ, ಎಳೆದ ಗಾಳಿಯಲ್ಲಿ ಬಹುಪಾಲು ರೀಡನ್ನು ತಲುಪುವ ಮೊದಲೇ ಸೋರಿಹೋಗುತ್ತದೆ. ಸೋರುವ ಕೊಡದಲ್ಲಿ ನೀರು ತುಂಬಿದಂತೆ, ಎಷ್ಟು ಬಲ ಹಾಕಿದರೂ ಬೆಂಡ್ ನಿಲ್ಲುವುದಿಲ್ಲ. ಆ ಹಣದಲ್ಲಿ ಹೆಸರಾಂತ ತಯಾರಕರ ಒಂದೇ ಒಂದು ಮಧ್ಯಮ ದರ್ಜೆಯ ವಾದ್ಯ ಕೊಳ್ಳಿ.

ಕೈಗೆ ಬಂದೊಡನೆ ಪ್ರತಿ ರಂಧ್ರವನ್ನೂ ಮೆಲ್ಲಗೆ ಊದಿ, ಮೆಲ್ಲಗೆ ಎಳೆದು ನೋಡಿ. ತೀರ ಕಡಿಮೆ ಉಸಿರಿಗೂ ಇಪ್ಪತ್ತು ಸ್ವರಗಳೂ ಎದ್ದು ಬರಬೇಕು. ರೀಡಿನ ತುದಿ ತಟ್ಟೆಯಿಂದ ಹೆಚ್ಚು ಎದ್ದಿದ್ದರೆ ಗಾಳಿ ಪೋಲಾಗುತ್ತದೆ, ತೀರ ತಗ್ಗಿದ್ದರೆ ಜೋರಾಗಿ ನುಡಿಸಿದಾಗ ಕಟ್ಟಿಕೊಂಡು ನಿಂತುಬಿಡುತ್ತದೆ. ಒಂದು ಎಚ್ಚರಿಕೆ: ಎರಡನೆಯ ರಂಧ್ರವನ್ನು ಎಳೆದಾಗ ಸ್ವರ ಗೊಗ್ಗರಾಗಿ ಬಂದರೆ ಆತುರಪಟ್ಟು ವಾದ್ಯವನ್ನು ಹಿಂದಿರುಗಿಸಬೇಡಿ. ಹೊಸಬರು ತಿಳಿಯದೆಯೇ ಆ ಸ್ವರವನ್ನು ಅರೆಬರೆ ಬಗ್ಗಿಸುತ್ತಿರುತ್ತಾರೆ. ಮೂರನೆಯ ರಂಧ್ರವನ್ನು ಊದಿದರೂ ಅದೇ ಸ್ವರ ಬರುವುದರಿಂದ ಎರಡನ್ನೂ ಹೋಲಿಸಿ ನೋಡಬಹುದು.

ನುಡಿಸಿದ ಮೇಲೆ ರಂಧ್ರಗಳನ್ನು ಕೆಳಮುಖವಾಗಿಸಿ ಅಂಗೈಗೆ ತಟ್ಟಿ ತೇವ ತೆಗೆಯಿರಿ, ಮರದ ಚೌಕಟ್ಟಿನದನ್ನು ನೀರಿನಲ್ಲಿ ನೆನೆಸಬೇಡಿ, ಊಟವಾದ ಮೇಲೆ ಬಾಯಿ ಮುಕ್ಕಳಿಸದೆ ನುಡಿಸಬೇಡಿ. ನನ್ನ ಬಳಿಗೆ ಬರುವ ವಾದ್ಯಗಳಲ್ಲಿ ನಾಲ್ಕನೆಯ ಮತ್ತು ಐದನೆಯ ರಂಧ್ರಗಳ ಎಳೆಯುವ ರೀಡುಗಳೇ ಹೆಚ್ಚಾಗಿ ಸೋತಿರುತ್ತವೆ. ಬಲವಾಗಿ ಎಳೆಯುವ ಅಭ್ಯಾಸವೇ ಅದಕ್ಕೆ ಮುಖ್ಯ ಕಾರಣ.

ಕೇಳಿದವರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ಗೆಳೆಯರು ಹೆಚ್ಚಾಗಿ ಇ ಮತ್ತು ಎ ಶ್ರುತಿಗಳಲ್ಲಿ ನುಡಿಸುತ್ತಾರೆ, ಕೆಲವು ಹಾಡುಗಳು ಮೈನರ್‌ನಲ್ಲಿವೆ (ಸಾಧಾರಣ ಗಾಂಧಾರ ಬರುವ ಸ್ವರಶ್ರೇಣಿ). ಮೈಕ್ ಮತ್ತು ಆಂಪ್ಲಿಫೈಯರ್ ಕೂಡ ಈಗಲೇ ಬೇಕಾಗುತ್ತವೆಯೇ?

ಎರಡನೆಯ ಉತ್ತರ ನೀಡಿದವರಿಂದ

ಹಾಗಿದ್ದರೆ ನಿಮ್ಮ ಆಯ್ಕೆ ಸುಲಭವಾಯಿತು: ಮೊದಲು ಎ, ಅದರಲ್ಲಿ ಬೆಂಡುಗಳು ನೆಲೆಗೊಂಡ ಮೇಲೆ ಡಿ, ಪಾಠಗಳನ್ನು ಅನುಸರಿಸುವ ಮನಸ್ಸಿದ್ದರೆ ಆಮೇಲೆ ಸಿ. ಮೈನರ್ ಹಾಡುಗಳಿಗೆ ನ್ಯಾಚುರಲ್ ಮೈನರ್ ಶ್ರುತಿಯ ವಾದ್ಯಗಳೂ ಸಿಗುತ್ತವೆ, ಆದರೆ ಸದ್ಯಕ್ಕೆ ಅವು ಬೇಡ. ವಾದ್ಯದ ಚತುಶ್ರುತಿ ರಿಷಭವನ್ನು ಷಡ್ಜವಾಗಿ ಹಿಡಿಯುವ ಮೂರನೆಯ ಪೊಸಿಷನ್ ಕಲಿತರೆ ಸಾಮಾನ್ಯ ವಾದ್ಯದಲ್ಲಿಯೇ ಮೈನರ್ ಛಾಯೆ ಬರುತ್ತದೆ. ನಿಮ್ಮ ಡಿ ವಾದ್ಯ ಹಾಗೆ ಇ ಮೈನರ್‌ಗೆ ಒದಗುತ್ತದೆ.

ಆಂಪ್ಲಿಫೈಯರ್ ಈಗ ಬೇಡ. ಲಿಟಲ್ ವಾಲ್ಟರ್ 1950ರ ದಶಕದಲ್ಲಿ ಮೈಕನ್ನೂ ಹಾರ್ಮೋನಿಕಾವನ್ನೂ ಒಟ್ಟಿಗೆ ಅಂಗೈಗಳಲ್ಲಿ ಮುಚ್ಚಿ ಹಿಡಿದು, ಆಂಪ್ಲಿಫೈಯರನ್ನು ಒಡೆದ ಧ್ವನಿಯವರೆಗೆ ದುಡಿಸಿ ತೆಗೆದ ನಾದ ಅದ್ಭುತವಾದುದು. ಆದರೆ ಅದು ಮೈಕಿನ ಸುತ್ತ ಸಂದಿಲ್ಲದಂತೆ ಕೈ ಮುಚ್ಚುವುದನ್ನು ಅವಲಂಬಿಸಿದೆ. ಆ ಕೈಮುಚ್ಚಿಗೆಯನ್ನು ಮೈಕ್ ಇಲ್ಲದೆಯೇ ಅಭ್ಯಾಸ ಮಾಡಬಹುದು: ಎರಡನೆಯ ರಂಧ್ರವನ್ನು ಎಳೆಯುತ್ತಾ ಕೈಗಳನ್ನು ಮುಚ್ಚಿ ತೆರೆದಾಗ ಧ್ವನಿ ಸ್ಪಷ್ಟವಾಗಿ ಮಂಕಾಗಿ ಮತ್ತೆ ಅರಳಬೇಕು.