ಮಂಗಳೂರು ಧರ್ಮಪ್ರಾಂತ್ಯದ ಬಿಷಪರ ಪಟ್ಟಿ: ಎಣಿಕೆ ಯಾರಿಂದ ಶುರು?

ಸುವರ್ಣಾತೀರ:
ಉಡುಪಿ ಜಿಲ್ಲೆಯ ಒಂದು ಹಳೆಯ ಇಗರ್ಜಿಯ ಸ್ಮರಣ ಸಂಚಿಕೆಗೆ ಬಿಷಪರ ಪಟ್ಟಿ ಸಿದ್ಧವಾಗಬೇಕಿದೆ. ಸಿಕ್ಕ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಒಂದರಲ್ಲಿ ತೋಮಸ್ ದೆ ಕಾಸ್ತ್ರೊ ಮೊದಲಿಗರು, ಇನ್ನೊಂದರಲ್ಲಿ 1853ರ ಮೈಕಲ್ ಆಂತೋನಿ, ಮತ್ತೊಂದರಲ್ಲಿ ಪಗಾನಿ. ಇಸವಿಗಳಲ್ಲೂ ಒಂದೊಂದು ವರ್ಷ ಹೆಚ್ಚುಕಮ್ಮಿ ಇದೆ. 1886ಕ್ಕೆ ಮೊದಲು ಈ ಚರ್ಚು ಗೋವಾದ ಕೆಳಗಿತ್ತೋ ವೆರಾಪೊಲಿಯ (ಕೇರಳದ ವರಾಪುಳ) ಕೆಳಗಿತ್ತೋ ಎಂದು ತಿಳಿಯುವುದು ಹೇಗೆ? ಉಡುಪಿ ಬೇರೆ ಧರ್ಮಪ್ರಾಂತ್ಯ ಆದ ಮೇಲೆ ಮಂಗಳೂರಿನ ಬಿಷಪರ ಹೆಸರನ್ನು ಎಲ್ಲಿಗೆ ನಿಲ್ಲಿಸಬೇಕು? ತಿಳಿದವರು ದಯವಿಟ್ಟು ಹೇಳಿ.

ಹಳೆಕಡತ:
ಮೂವರೂ ಮೊದಲಿಗರೇ, ಆದರೆ ಬೇರೆ ಬೇರೆ ಹುದ್ದೆಗೆ. ಹೆಸರಿನ ಪಕ್ಕದಲ್ಲಿ ಹುದ್ದೆಯನ್ನು ಬರೆಯದಿರುವುದರಿಂದಲೇ ಈ ಗೊಂದಲ.

ಕಾಸ್ತ್ರೊ ಗೋವಾದ ದಿವಾಡಿಯವರು, ಥಿಯೇಟಿನ್ ಸಭೆಯ ಗುರು. 1670ರ ದಶಕದಲ್ಲಿ ರೋಮ್ ಅವರನ್ನು ವಿಕರ್ ಅಪೊಸ್ತೋಲಿಕ್ ಆಗಿ ನೇಮಿಸಿತು. ವಿಕರ್ ಅಪೊಸ್ತೋಲಿಕ್ ಎಂದರೆ ಬಿಷಪ್ ದೀಕ್ಷೆ ಪಡೆದವರೇ, ಆದರೆ ಆ ಪ್ರದೇಶವನ್ನು ಪೋಪರ ಹೆಸರಿನಲ್ಲಿ ನೋಡಿಕೊಳ್ಳುವವರು. ಅಲ್ಲಿ ಧರ್ಮಪ್ರಾಂತ್ಯ ಇನ್ನೂ ಸ್ಥಾಪನೆಯಾಗಿರುವುದಿಲ್ಲ. ಆ ಹೊತ್ತಿಗೆ ಮಂಗಳೂರಿನ ಚರ್ಚುಗಳು ಪದ್ರುವಾದೊ ವ್ಯವಸ್ಥೆಯಲ್ಲಿ, ಅಂದರೆ ಪೋರ್ಚುಗೀಸ್ ರಾಜನ ಪೋಷಣೆಯ ಹಕ್ಕಿನಡಿ, ಗೋವಾದ ಆರ್ಚ್‌ಬಿಷಪರ ಕೈಕೆಳಗಿದ್ದವು. ಗೋವಾ ಆ ಹಕ್ಕನ್ನು ಬಿಡಲು ಒಪ್ಪಲಿಲ್ಲ. 1681ರಲ್ಲಿ ಜೋಸೆಫ್ ವಾಜ್ ಅವರನ್ನು ಕೆನರಾದ ಮುಖ್ಯ ವಿಕಾರರನ್ನಾಗಿ (ಆರ್ಚ್‌ಬಿಷಪರ ಪರವಾಗಿ ಚರ್ಚುಗಳನ್ನು ನೋಡಿಕೊಳ್ಳುವ ಗುರು) ಗೋವಾದಿಂದಲೇ ಕಳುಹಿಸಿದರು. (2015ರಲ್ಲಿ ಕೊಲಂಬೊದಲ್ಲಿ ಸಂತ ಪದವಿ ಪಡೆದವರು ಇವರೇ.) ಹೀಗೆ ಒಂದೇ ಊರಿನಲ್ಲಿ ರೋಮ್ ಕಳುಹಿಸಿದ ಬಿಷಪರೂ ಗೋವಾ ಕಳುಹಿಸಿದ ವಿಕಾರರೂ ಇದ್ದರು. ಕಾಸ್ತ್ರೊ 1680ರಲ್ಲಿ ಮಿಲಾಗ್ರಿಸ್ ಚರ್ಚ್ ಕಟ್ಟಿಸಿ 1684ರಲ್ಲಿ ತೀರಿಕೊಂಡರು. ಅವರ ನಂತರ ಆ ಹುದ್ದೆ ಮಂಗಳೂರಿನಲ್ಲಿ ಬಿಡದೆ ಮುಂದುವರಿಯಲಿಲ್ಲ. ಆದ್ದರಿಂದ ಅವರ ಹೆಸರನ್ನು ಪೀಠಿಕೆಯಲ್ಲಿ ಗೌರವದಿಂದ ಬರೆಯಿರಿ, ಕ್ರಮಸಂಖ್ಯೆ ಬೇಡ.

1838ರಲ್ಲಿ 16ನೇ ಗ್ರೆಗೊರಿಯವರ 'ಮುಲ್ತಾ ಪ್ರೆಕ್ಲಾರೆ' ಆದೇಶ ಬಂತು. ಮಂಗಳೂರು ವೆರಾಪೊಲಿಯ ವಿಕರ್ ಅಪೊಸ್ತೋಲಿಕರ ಪಾಲಿಗೆ ಹೋಯಿತು. 1845ರಲ್ಲಿ ಪ್ರತ್ಯೇಕ ಆಡಳಿತ ಸಿಕ್ಕಿತು, 1853ರಲ್ಲಿ ಪೂರ್ಣ ವಿಕರಿಯೇಟ್, ಅಂದರೆ ವಿಕರ್ ಅಪೊಸ್ತೋಲಿಕರ ಆಡಳಿತ ಪ್ರದೇಶ, ಆಯಿತು. ಆಗ ಕಾರ್ಮೆಲ್ ಸಭೆಯ ಮೈಕಲ್ ಆಂತೋನಿ 1870ರವರೆಗೆ, ಅವರ ನಂತರ ಮರಿ ಎಫ್ರೆಮ್ 1873ರಲ್ಲಿ ತೀರಿಕೊಳ್ಳುವವರೆಗೆ ಇದ್ದರು. ಅಪೊಸ್ತೋಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದದ್ದು ಮರಿ ಎಫ್ರೆಮರ ಕಾಲದಲ್ಲಿ, 1870ರಲ್ಲಿ. 1878ರ ಕೊನೆಗೆ ಜೆಸ್ವಿಟರು ಆಡಳಿತ ವಹಿಸಿಕೊಂಡರು. 1885ರಲ್ಲಿ ನಿಕೊಲಾಸ್ ಪಗಾನಿ ವಿಕರ್ ಅಪೊಸ್ತೋಲಿಕ್ ಆದರು. 1886ರ ಸೆಪ್ಟೆಂಬರ್ 1ರಂದು 13ನೇ ಲಿಯೋ ಭಾರತದಲ್ಲಿ ಧರ್ಮಪ್ರಾಂತ್ಯಗಳ ಶ್ರೇಣಿಯನ್ನು ಸ್ಥಾಪಿಸಿದಾಗ ಮಂಗಳೂರು ಧರ್ಮಪ್ರಾಂತ್ಯವಾಯಿತು, ಪಗಾನಿ ಅದರ ಮೊದಲ ಬಿಷಪರಾದರು. 'ಮಂಗಳೂರಿನ ಬಿಷಪ್' ಎಂಬ ಶೀರ್ಷಿಕೆಯಡಿ 1 ಎಂದು ಬರೆಯಬಹುದಾದ ಹೆಸರು ಅವರದೊಂದೇ.

ಅಲ್ಲಿಂದ ಮುಂದೆ: ಅಬೊಂದಿಯೊ ಕವಾದಿನಿ (1895–1910), ಪಾವ್ಲ್ ಪೆರಿನಿ (1910–1923), ವಲೇರಿಯನ್ ಡಿಸೋಜ (1930ರವರೆಗೆ), ವಿಕ್ಟರ್ ಫೆರ್ನಾಂಡಿಸ್ (1931–1955), ಬಾಸಿಲ್ ಪೆರಿಸ್, ರೇಮಂಡ್ ಡಿಮೆಲ್ಲೊ (1964ರವರೆಗೆ), ಬಾಸಿಲ್ ಡಿಸೋಜ (1965–1996), ಅಲೋಶಿಯಸ್ ಪಾವ್ಲ್ ಡಿಸೋಜ (1996–2018), ಪೀಟರ್ ಪಾವ್ಲ್ ಸಲ್ಡಾನ್ಹಾ (2018ರಿಂದ). ಪಗಾನಿಯವರಿಂದ ಎಣಿಸಿದರೆ ಸಲ್ಡಾನ್ಹಾ 10ನೆಯವರು. ಅದಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ವಿಕರಿಯೇಟ್ ಕಾಲದವರನ್ನೂ ಸೇರಿಸಿದ್ದಾರೆಂದೇ ಅರ್ಥ. ಯಾವ ಲೆಕ್ಕ ಹಿಡಿದರೂ ಅಡ್ಡಿಯಿಲ್ಲ, ಎರಡನ್ನೂ ಬೆರೆಸಬೇಡಿ.

ಜೆಪ್ಪು_ವಾಚಕ:
ಮೇಲಿನ ಪಟ್ಟಿಯನ್ನು ಅಚ್ಚಿಗೆ ಕೊಡುವ ಮೊದಲು ಕೆಲವು ಹೆಸರುಗಳ ಮೇಲೆ ಕಣ್ಣಿಡಿ. ಇಬ್ಬರು ಬಾಸಿಲರಿದ್ದಾರೆ, ಇಬ್ಬರ ನಡು ಹೆಸರೂ ಸಾಲ್ವದೋರ್. ಒಬ್ಬರು ಪೆರಿಸ್, ಇನ್ನೊಬ್ಬರು ಡಿಸೋಜ. ಪೆರಿಸ್ ಅವರ ಅವಧಿ ಚಿಕ್ಕದು, ಹಾಗಾಗಿ ಅವರನ್ನೇ ಬಿಟ್ಟುಬಿಟ್ಟ ಪಟ್ಟಿಗಳು ಕಾಣುತ್ತವೆ. ವಲೇರಿಯನ್ ಡಿಸೋಜ ಎಂಬ ಹೆಸರಿನ ಇನ್ನೊಬ್ಬ ಬಿಷಪ್ ಪುಣೆಯಲ್ಲಿ 1977ರಿಂದ 2009ರವರೆಗೆ ಇದ್ದರು. ಅಂತರ್ಜಾಲದಿಂದ ಫೋಟೊ ತೆಗೆದರೆ ಅವರದ್ದೇ ಸಿಗುವ ಸಾಧ್ಯತೆ ಹೆಚ್ಚು. ಪೆರಿನಿಯವರ ಮುಂದೆ 1923 ಎಂದು ಕಂಡರೆ ಅದು ನಿಧನದ ವರ್ಷವಲ್ಲ. ಆ ವರ್ಷ ಕಲ್ಲಿಕೋಟೆ ಧರ್ಮಪ್ರಾಂತ್ಯ ಬೇರೆಯಾಯಿತು, ಅವರು ಅಲ್ಲಿನ ಮೊದಲ ಬಿಷಪರಾಗಿ ಹೋದರು. ಡಿಮೆಲ್ಲೊ ಅವರದೂ ಹಾಗೆಯೇ, 1964ರಲ್ಲಿ ಅಲಹಾಬಾದಿಗೆ ವರ್ಗ. 1923ರ ನಂತರ ವಲೇರಿಯನ್ ಅವರು ಬರುವ ತನಕ ಪೀಠ ತೆರವಾಗಿತ್ತು. ಆ ಜಾಗವನ್ನು ಹಾಗೆಯೇ ತೋರಿಸಿ, ಪೆರಿನಿಯವರ ಅವಧಿಯನ್ನು ಎಳೆದು ತುಂಬಬೇಡಿ.

ಒಂದು ವರ್ಷದ ವ್ಯತ್ಯಾಸಕ್ಕೆ ಕಾರಣ ಸರಳ. ಒಬ್ಬ ಬಿಷಪರಿಗೆ ಮೂರು ದಿನಾಂಕಗಳಿರುತ್ತವೆ: ರೋಮಿನ ನೇಮಕ, ದೀಕ್ಷೆ, ಅಧಿಕಾರ ಸ್ವೀಕಾರ. ಈಗಿನ ಧರ್ಮಸಭೆಯ ಕಾನೂನಿನ 382ನೇ ವಿಧಿಯಂತೆ, ಹೊಸದಾಗಿ ದೀಕ್ಷೆ ಪಡೆಯುವವರು ನೇಮಕಪತ್ರ ಕೈಸೇರಿದ 4 ತಿಂಗಳೊಳಗೆ, ಮೊದಲೇ ಬಿಷಪರಾಗಿದ್ದವರು 2 ತಿಂಗಳೊಳಗೆ ಅಧಿಕಾರ ಸ್ವೀಕರಿಸಬೇಕು. ಸಲ್ಡಾನ್ಹಾ ಅವರ ನೇಮಕ 2018ರ ಜುಲೈ 3, ದೀಕ್ಷೆ ಸೆಪ್ಟೆಂಬರ್ 15. ವರ್ಷಾಂತ್ಯದಲ್ಲಿ ನೇಮಕವಾದರೆ ಇಸವಿಯೇ ಬದಲಾಗುತ್ತದೆ. ಆಡಳಿತ ಶುರುವಾಗುವುದು ಅಧಿಕಾರ ಸ್ವೀಕಾರದಿಂದ. ಪಟ್ಟಿಗೆ ಅದನ್ನೇ ಆಧಾರವಾಗಿಟ್ಟುಕೊಂಡು, ಮೇಲ್ಗಡೆ ಒಂದು ಸಾಲಿನಲ್ಲಿ ಹಾಗೆಂದು ಬರೆದುಬಿಡಿ.

ಕೆನರಾ_ದಫ್ತರ:
ಗೋವಾನೋ ವೆರಾಪೊಲಿಯೋ ಎಂಬ ಪ್ರಶ್ನೆಗೆ ಇಡೀ ಜಿಲ್ಲೆಗೆ ಒಂದೇ ಉತ್ತರವಿಲ್ಲ. 1838ರ ಆದೇಶವನ್ನು ಎಲ್ಲರೂ ಒಪ್ಪಲಿಲ್ಲ, ಕೆಲವು ಚರ್ಚುಗಳು ಗೋವಾದ ಜೊತೆಗೇ ಉಳಿದವು. ಪೋರ್ಚುಗಲ್ ಮತ್ತು ರೋಮ್ ನಡುವೆ 1886ರ ಜೂನ್ ತಿಂಗಳಲ್ಲಿ ಒಪ್ಪಂದವಾದ ಮೇಲೆ ಈ ಇಬ್ಬಗೆಯ ಆಡಳಿತ ತೀರ್ಮಾನಕ್ಕೆ ಬಂತು. ಹಾಗಾಗಿ ಆ ಚರ್ಚಿನ ದಫ್ತರವನ್ನೇ ನೋಡಬೇಕು.

ಜ್ಞಾನಸ್ನಾನದ ಪುಸ್ತಕ ಬಿಡಿಸಿ. ಭೇಟಿಗೆ ಬಂದ ಬಿಷಪ್ ಅಥವಾ ಅವರ ಪ್ರತಿನಿಧಿ ಪುಸ್ತಕ ಪರಿಶೀಲಿಸಿ, ಕೊನೆಯ ದಾಖಲೆಯ ಕೆಳಗೆ ತಾರೀಖು ಹಾಕಿ ಸಹಿ ಮಾಡುವುದು ರೂಢಿ. 1838ರಿಂದ 1886ರ ನಡುವಿನ ಅಂಥ ಸಹಿಗಳನ್ನೆಲ್ಲ ಒಂದು ಹಾಳೆಯಲ್ಲಿ ಇಸವಿ ಸಮೇತ ಬರೆದುಕೊಳ್ಳಿ. ಯಾರ ಅಧಿಕಾರಿ ಬಂದಿದ್ದರೆಂಬುದು ಅದರಲ್ಲೇ ತಿಳಿಯುತ್ತದೆ. ಸಹಿ ಸಿಗದಿದ್ದರೆ ಮದುವೆ ಪುಸ್ತಕ ನೋಡಿ. ಹತ್ತಿರದ ಸಂಬಂಧಿಗಳ ಮದುವೆಗೆ ವಿನಾಯಿತಿ ಬೇಕಾಗುತ್ತಿತ್ತು, ಯಾರ ಅಧಿಕಾರದಿಂದ ಅದು ಸಿಕ್ಕಿತೆಂದು ದಾಖಲೆಯಲ್ಲಿ ನಮೂದಿಸಿರುತ್ತಾರೆ. ನನ್ನ ಮಟ್ಟಿಗೆ ಇದು ಸಹಿಗಿಂತಲೂ ಗಟ್ಟಿ ಸಾಕ್ಷಿ, ಯಾಕೆಂದರೆ ಅಧಿಕಾರವಿಲ್ಲದವರ ವಿನಾಯಿತಿಯಿಂದ ಮದುವೆಯೇ ಅಸಿಂಧುವಾಗುತ್ತಿತ್ತು.

ಲ್ಯಾಟಿನ್ ದಾಖಲೆಗಳಲ್ಲಿ ತಂದೆ ತಾಯಿಯ ಹೆಸರು ಷಷ್ಠಿ ವಿಭಕ್ತಿಯಲ್ಲಿರುತ್ತದೆ: 'ಆಂತೋನಿಯಿ' ಅಂದರೆ ಆಂತೋನಿಯುಸನ, 'ಜೊಆನ್ನಿಸ್' ಅಂದರೆ ಜೊಆನ್ನೆಸನ. ನಕಲು ಮಾಡುವಾಗ ಮೂಲರೂಪಕ್ಕೆ ತನ್ನಿ, ಇಲ್ಲವಾದರೆ ಒಬ್ಬನೇ ವ್ಯಕ್ತಿ ಎರಡು ಹೆಸರಿನಲ್ಲಿ ಅಚ್ಚಾಗುತ್ತಾನೆ. 1784ಕ್ಕೆ ಹಿಂದಿನ ಪುಸ್ತಕ ಸಿಗುವ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಟಿಪ್ಪುವಿನ ಕಾಲದಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಚರ್ಚುಗಳು ನೆಲಸಮವಾದವು, ದಫ್ತರವೂ ಅವುಗಳ ಜೊತೆ ಹೋಯಿತು. ಆ ಕಾಲಕ್ಕೆ ಗೋವಾದ ಪತ್ರಾಗಾರಗಳಲ್ಲಿರುವ ಪೋರ್ಚುಗೀಸ್ ಕಾಗದಪತ್ರಗಳೇ ಗತಿ.

ಸುವರ್ಣಾತೀರ:
ಎಲ್ಲರಿಗೂ ಧನ್ಯವಾದ. 1838–1886ರ ಸಹಿಗಳನ್ನು ಮೊದಲು ಪಟ್ಟಿ ಮಾಡುತ್ತೇವೆ. ಉಡುಪಿ ಬೇರೆಯಾದ 2012ರ ಗಡಿಯ ಪ್ರಶ್ನೆ ಒಂದು ಬಾಕಿ ಉಳಿಯಿತು.

ಹಳೆಕಡತ:
ಉಡುಪಿ ಧರ್ಮಪ್ರಾಂತ್ಯದ ಘೋಷಣೆ 2012ರ ಜುಲೈ 16, ಉದ್ಘಾಟನೆ ಅಕ್ಟೋಬರ್ 15. ಶಿವಮೊಗ್ಗದ ಬಿಷಪರಾಗಿದ್ದ ಜೆರಾಲ್ಡ್ ಐಸಾಕ್ ಲೋಬೊ ಮೊದಲ ಬಿಷಪರಾಗಿ ಬಂದರು, ಕಲ್ಯಾಣಪುರದ ಮಿಲಾಗ್ರಿಸ್ ಪ್ರಧಾನಾಲಯವಾಯಿತು. ನಿಮ್ಮ ಪಟ್ಟಿಯಲ್ಲಿ ಅಲೋಶಿಯಸ್ ಪಾವ್ಲ್ ಡಿಸೋಜರ ಮುಂದೆ '1996–2012' ಎಂದು ಹಾಕಿ, ನಂತರ ಜೆರಾಲ್ಡ್ ಲೋಬೊ. ಸಲ್ಡಾನ್ಹಾ ಅವರ ಹೆಸರು ನಿಮ್ಮ ಪಟ್ಟಿಗೆ ಬರುವುದಿಲ್ಲ. ಅಲೋಶಿಯಸ್ ಅವರು ಮಂಗಳೂರಿನಲ್ಲಿ 2018ರವರೆಗೆ ಇದ್ದರೆಂದು ಅಡಿಯಲ್ಲಿ ಬರೆಯದಿದ್ದರೆ ಓದಿದವರು 2012ನ್ನೇ ನಿವೃತ್ತಿ ವರ್ಷ ಎಂದುಕೊಳ್ಳುತ್ತಾರೆ.

ಬೆಳ್ತಂಗಡಿ (1999) ಮತ್ತು ಪುತ್ತೂರು (2010) ಧರ್ಮಪ್ರಾಂತ್ಯಗಳನ್ನು ಇದೇ ಸಾಲಿಗೆ ಸೇರಿಸಬೇಡಿ. ಅವು ಕ್ರಮವಾಗಿ ಸಿರೊ ಮಲಬಾರ್ ಮತ್ತು ಸಿರೊ ಮಲಂಕರ ಪರಂಪರೆಯವರಿಗಾಗಿ (ಲ್ಯಾಟಿನ್ ಅಲ್ಲದ, ಕೇರಳ ಮೂಲದ ಕಥೋಲಿಕ ಪೂಜಾಪದ್ಧತಿಗಳು) ಆದವು. ಅವು ಆದಾಗ ಮಂಗಳೂರಿನ ಲ್ಯಾಟಿನ್ ಚರ್ಚುಗಳು ಇದ್ದಲ್ಲೇ ಉಳಿದವು. ಉಡುಪಿಯಾದಾಗ ಮಾತ್ರ ಚರ್ಚುಗಳೇ ಆಚೆ ಕಡೆಗೆ ಹೋದವು.