ಸಹಾಯ ಬೇಕು: ಹೆಸಿಯಡ್‌ನ 'ಎಲ್ಪಿಸ್'ಗೆ ಕನ್ನಡದಲ್ಲಿ ಏನನ್ನಬಹುದು?

ನಮಸ್ಕಾರ. ಗ್ರೀಕ್ ಪುರಾಣದ ಮೊದಲ ಹೆಣ್ಣು ಪಂಡೋರಾಳ ಕಥೆಯನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕ್ರಿ.ಪೂ. 700ರ ಸುಮಾರಿನ ಗ್ರೀಕ್ ಕವಿ ಹೆಸಿಯಡ್ ಹೇಳಿದಂತೆಯೇ ಬರೆಯುವ ಆಸೆ. ಗ್ರೀಕ್ ದೇವತೆಗಳ ವಂಶಾವಳಿಯನ್ನೇ ಹಾಡಿದವನಲ್ವಾ ಅವನು!

'ಪಂಡೋರಾಳ ಪೆಟ್ಟಿಗೆ' ಅಂತೀವಲ್ಲ, ಅವನಲ್ಲಿ ಪೆಟ್ಟಿಗೆಯೇ ಇಲ್ಲ. ಇರುವುದು 'ಪಿಥೋಸ್': ಎಣ್ಣೆ, ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. 16ನೇ ಶತಮಾನದಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಲ್ಯಾಟಿನ್‌ನಲ್ಲಿ ಬರೆಯುವಾಗ ಅದು ಡಬ್ಬಿಯಾಯಿತು. ನಾನು 'ಗುಡಾಣ' ಅಂತ ಹಾಕಿದ್ದೇನೆ. 'ವಾಡೆ' ಚೆನ್ನಾಗಿರುತ್ತಾ?

ನಿಜವಾದ ತಲೆನೋವು ಬೇರೆ. ಪಂಡೋರಾ ಮುಚ್ಚಳ ತೆಗೆದು, ಒಳಗಿದ್ದ ಕೇಡುಗಳೆಲ್ಲ ಹಾರಿಹೋದ ಮೇಲೆ ಗುಡಾಣದ ಅಂಚಿನ ಕೆಳಗೆ ಉಳಿದದ್ದು 'ಎಲ್ಪಿಸ್'. ಗ್ರೀಕಿನಲ್ಲಿ ಅದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕಾಯುವುದು. 'ಭರವಸೆ' ಅಂದರೆ ಜಾಸ್ತಿ ಸಿಹಿ, 'ನಿರೀಕ್ಷೆ' ಸಪ್ಪೆ. ಹತ್ತು ವರ್ಷದ ಮಗುವಿಗೆ ತಿಳಿಯುವ ಪದ ಹೇಳ್ತೀರಾ?