ಐದು ವರ್ಷದ ಮಗುವಿಗೆ ಎಲೆಕ್ಟ್ರಿಕ್ ಬ್ರಷ್ ಬೇಕಾ?

ಪ್ರಶ್ನೆ: ಮಗಳಿಗೆ ಐದು ವರ್ಷ. ಮಾಮೂಲಿ ಬ್ರಷ್‌ನಲ್ಲಿ ತಾನೇ ಉಜ್ಜಿಕೊಳ್ತಾಳೆ, ಅರ್ಧ ನಿಮಿಷಕ್ಕೆ ಮುಗಿಸಿ ಓಡ್ತಾಳೆ. ಹಿಂದಿನ ದವಡೆ ಹಲ್ಲುಗಳ ಮೇಲೆ ಪಾಚಿ ಹಾಗೇ ಇರುತ್ತೆ. ಎಲೆಕ್ಟ್ರಿಕ್ ಬ್ರಷ್ ತಂದ್ರೆ ಸರಿಹೋಗುತ್ತಾ?

ಉತ್ತರ (ಮಕ್ಕಳ ದಂತವೈದ್ಯೆ): ಐದು ವರ್ಷದ ಮಗುವಿನ ಕೈಗೆ ಯಾವ ಬ್ರಷ್ ಕೊಟ್ಟರೂ ಹಿಂದಿನ ಹಲ್ಲು ತಪ್ಪಿಹೋಗುತ್ತದೆ. ಏಳೆಂಟು ವರ್ಷದವರೆಗೆ ಕೈಗೆ ಆ ಹಿಡಿತ ಬಂದಿರುವುದಿಲ್ಲ. ಶೂ ಲೇಸ್ ತಾನೇ ಬಿಗಿಯಾಗಿ ಕಟ್ಟಿಕೊಳ್ಳುವ ತನಕ ಉಜ್ಜುವ ಕೆಲಸ ನಿಮ್ಮದೇ ಎಂದಿಟ್ಟುಕೊಳ್ಳಿ. ಅವಳು ಮೊದಲು ಆಟವಾಡಿಕೊಂಡು ಉಜ್ಜಲಿ, ಆಮೇಲೆ ನೀವು. ಅವಳ ಬೆನ್ನ ಹಿಂದೆ ನಿಂತು, ತಲೆಯನ್ನು ನಿಮ್ಮ ಹೊಟ್ಟೆಗೆ ಒರಗಿಸಿಕೊಂಡು, ಇನ್ನೊಂದು ಕೈಯ ಬೆರಳಿಂದ ಕೆನ್ನೆ ಸರಿಸಿದರೆ ಕೊನೆಯ ಹಲ್ಲು ಕಾಣುತ್ತದೆ. ಎದುರು ನಿಂತು ಉಜ್ಜುವವರಿಗೆ ಅದು ಸರಿಯಾಗಿ ಕಾಣುವುದಿಲ್ಲ.

ಇನ್ನು ಬ್ರಷ್ ವಿಚಾರ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ 56 ಪ್ರಯೋಗಗಳನ್ನು ಒಟ್ಟಿಗೆ ನೋಡಿತ್ತು. ಮೂರು ತಿಂಗಳಿಗೂ ಹೆಚ್ಚು ಬಳಸಿದಾಗ ಮಾಮೂಲಿ ಬ್ರಷ್‌ಗಿಂತ ಎಲೆಕ್ಟ್ರಿಕ್ ಬ್ರಷ್‌ನಿಂದ ಪಾಚಿ ಶೇ. 21, ಒಸಡಿನ ಉರಿಯೂತ ಶೇ. 11 ಕಡಿಮೆಯಾಗಿತ್ತು. ಲಾಭ ಇದೆ, ಆದರೆ ಅಲ್ಲಿ ಅಳೆದದ್ದು ಹುಳುಕನ್ನಲ್ಲ. ಹುಳುಕು ತಡೆಯುವುದು ಫ್ಲೋರೈಡ್ ಪೇಸ್ಟ್ ಮತ್ತು ರಾತ್ರಿ ಮಲಗುವ ಮುಂಚಿನ ಎರಡು ನಿಮಿಷ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬೆಳಗಿನದಕ್ಕಿಂತ ರಾತ್ರಿಯದೇ ಮುಖ್ಯ. ದುಡ್ಡು ಯೋಚಿಸಬೇಕಾದರೆ ಮಾಮೂಲಿ ಬ್ರಷ್ಷೇ ಸಾಕು: ಮೆತ್ತನೆಯ ಎಳೆ, ದಪ್ಪ ಹಿಡಿ, ಎರಡು ದವಡೆ ಹಲ್ಲಿಗಿಂತ ಉದ್ದವಿಲ್ಲದ ತಲೆ. ಎಳೆಗಳು ಒಸಡಿನ ಅಂಚಿಗೆ ತಾಗುವಂತೆ ಓರೆಯಾಗಿ ಇಟ್ಟು, ಚಿಕ್ಕ ಚಿಕ್ಕ ಸುತ್ತು.

ಪ್ರಶ್ನೆ: ನಾವು ಎಲೆಕ್ಟ್ರಿಕ್ ತಂದು ಎರಡು ತಿಂಗಳಾಯ್ತು. ಪಾಚಿ ಹೋಗಿಲ್ಲ.

ಉತ್ತರ (ಡೆಂಟಲ್ ಹೈಜೀನಿಸ್ಟ್, ಅಂದರೆ ಹಲ್ಲು ಶುಚಿ ಮಾಡುವ ತರಬೇತಿ ಪಡೆದವರು): ಅದನ್ನೂ ಮಾಮೂಲಿ ಬ್ರಷ್‌ನಂತೆ ಗಸಗಸ ಉಜ್ಜುತ್ತಿರಬಹುದು. ಉಜ್ಜುವುದು ಅದರ ಕೆಲಸ, ನಿಮ್ಮದು ಜಾಗ ಬದಲಿಸುವುದಷ್ಟೇ. ಗುಂಡು ತಲೆಯದಾದರೆ ಒಂದೊಂದೇ ಹಲ್ಲಿನ ಮೇಲೆ ಎರಡು ಸೆಕೆಂಡ್ ನಿಲ್ಲಿಸಿ ಮುಂದಕ್ಕೆ ಸರಿಸಿ. ಹೊರಮೈ, ಒಳಮೈ, ಜಗಿಯುವ ಮೈ, ಮೂರೂ ಆಗಬೇಕು. ಬಾಯೊಳಗೆ ಇಟ್ಟ ಮೇಲೆ ಸ್ವಿಚ್ ಒತ್ತಿ, ಇಲ್ಲದಿದ್ದರೆ ಪೇಸ್ಟೆಲ್ಲ ಕನ್ನಡಿಗೆ.

ಎರಡನೆಯ ಅನುಮಾನ ಬ್ಯಾಟರಿ. ಸೆಲ್ ಹಾಕುವ ಬ್ರಷ್ ಒಮ್ಮೆಲೇ ನಿಲ್ಲುವುದಿಲ್ಲ, ದಿನದಿನಕ್ಕೆ ನಿಧಾನವಾಗುತ್ತದೆ. ಅದೇ ಸದ್ದಿಗೆ ಕಿವಿ ಒಗ್ಗಿರುವುದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಹೊಸ ಸೆಲ್ ಹಾಕಿ ಸದ್ದು ಹೋಲಿಸಿ ನೋಡಿ. ಎರಡು ಸೆಲ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ತಿಂಗಳಿಗೇ ಎಳೆಗಳು ಕೆದರಿಕೊಂಡಿದ್ದರೆ ಒತ್ತಡ ಜಾಸ್ತಿ ಎಂದರ್ಥ. ಸರಿಯಾಗಿ ಬಳಸಿದ ತಲೆ ಮೂರು ತಿಂಗಳು ಬರುತ್ತದೆ. ತಲೆ ಕಳಚಿ, ಅದು ಕೂರುವ ಕಡ್ಡಿಯನ್ನೂ ತೊಳೆಯಿರಿ. ಅಲ್ಲಿ ಸೇರಿಕೊಳ್ಳುವ ಕಪ್ಪು ಲೋಳೆ ನೋಡಿದವರು ಮತ್ತೆ ಮರೆಯುವುದಿಲ್ಲ. ಒದ್ದೆ ಬ್ರಷ್‌ಗೆ ಮುಚ್ಚಳ ಹಾಕಬೇಡಿ, ನಿಲ್ಲಿಸಿ ಒಣಗಿಸಿ.

ಪ್ರಶ್ನೆ: ದೀಪ ಮಿನುಗುವ, ಹಾಡು ಹೇಳುವ ಅಗ್ಗದ ಬ್ರಷ್ ಪರವಾಗಿಲ್ವಾ?

ಉತ್ತರ (ಮಕ್ಕಳ ದಂತವೈದ್ಯೆ): ಅವುಗಳಲ್ಲಿ ಹಲವದರಲ್ಲಿ ಎಳೆ ಅಲುಗುವುದೇ ಇಲ್ಲ, ಮಾಮೂಲಿ ಬ್ರಷ್‌ಗೆ ದೀಪ ಹಾಕಿದ್ದಾರೆ ಅಷ್ಟೆ. ನನ್ನ ತಕರಾರು ಒಳಗಿನ ಬಟನ್ ಸೆಲ್, ಅಂದರೆ ಗುಂಡಿಯಂಥ ಪುಟ್ಟ ಬ್ಯಾಟರಿ ಬಗ್ಗೆ. ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಮನೆಗೆ ತರಲೇಬೇಡಿ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಹಾಲುಹಲ್ಲು ಹೇಗೂ ಬೀಳೋದೇ ಅಲ್ವಾ, ಇಷ್ಟೆಲ್ಲ ಯಾಕೆ?

ಉತ್ತರ (ಮಕ್ಕಳ ದಂತವೈದ್ಯೆ): ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ. ಹಿಂದಿನ ದವಡೆಯವು ಹತ್ತರಿಂದ ಹನ್ನೆರಡರವರೆಗೆ ಇರಬೇಕು, ಅಷ್ಟು ವರ್ಷ ಅವುಗಳಿಂದಲೇ ಜಗಿಯಬೇಕು.

ಪ್ರಶ್ನೆ: ಪೇಸ್ಟ್ ಎಷ್ಟು ಹಾಕಬೇಕು? ನಮ್ಮದು ಪಾವಗಡ, ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಇದೆ ಅಂತಾರೆ.

ಉತ್ತರ (ಮಕ್ಕಳ ದಂತವೈದ್ಯೆ): ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್‌ನುದ್ದಕ್ಕೂ ಹಾಕುವ ಅಲೆಯನ್ನು ಮರೆತುಬಿಡಿ. ನಮ್ಮ ದೇಶದ ಪೇಸ್ಟ್‌ನಲ್ಲಿ ಫ್ಲೋರೈಡ್ ಮಿತಿ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ). ಮಕ್ಕಳದೆಂದು ಮಾರುವ ಕೆಲವದರಲ್ಲಿ ಅದರ ಅರ್ಧವೂ ಇರುವುದಿಲ್ಲ, ಟ್ಯೂಬ್ ತಿರುಗಿಸಿ ಓದಿ. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ಹೋಗುತ್ತದೆ.

ನಿಮ್ಮ ಪಾವಗಡದ ಮಾತು ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ಗೆ ಲೀಟರಿಗೆ 1 ಮಿ.ಗ್ರಾಂ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5. ಮೊದಲು ನೀರು ಪರೀಕ್ಷೆ ಮಾಡಿಸಿ, ಆ ಅಂಕಿ ಹಿಡಿದು ನಿಮ್ಮ ದಂತವೈದ್ಯರ ಹತ್ತಿರ ಪೇಸ್ಟ್ ನಿರ್ಧರಿಸಿ. ಅಲ್ಲಿಯವರೆಗೆ ಅಳತೆ ಮೀರಬೇಡಿ, ನುಂಗಲು ಬಿಡಬೇಡಿ.

ಪ್ರಶ್ನೆ: ಹಾಗಾದ್ರೆ ಎಲೆಕ್ಟ್ರಿಕ್ ಯಾರಿಗೆ ಬೇಕೇ ಬೇಕು? ನಮ್ಮ ಹುಡುಗನಿಗೆ ಆಟಿಸಂ ಇದೆ, ಬ್ರಷ್ ಕಂಡ್ರೆ ಕಿರುಚ್ತಾನೆ.

ಉತ್ತರ (ಡೆಂಟಲ್ ಹೈಜೀನಿಸ್ಟ್): ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೆ, ಕೈ ಸ್ವಾಧೀನ ಕಡಿಮೆ ಇರುವವರಿಗೆ ಕೊಟ್ಟ ದುಡ್ಡು ದಂಡವಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಎರಡೂ ಥರ ಆಗುತ್ತದೆ: ಕೆಲವರಿಗೆ ಆ ಕಂಪನವೇ ಇಷ್ಟ, ಕೆಲವರಿಗೆ ಸದ್ದೇ ಸಂಕಟ. ದುಬಾರಿಯದು ಕೊಳ್ಳುವ ಮುಂಚೆ ಸೆಲ್‌ನದೊಂದರಲ್ಲಿ ಪರೀಕ್ಷಿಸಿ. ಒಂದೆರಡು ದಿನ ಆಫ್ ಮಾಡಿ ಕೈಗೆ ಕೊಡಿ, ಆಮೇಲೆ ಆನ್ ಮಾಡಿ ಅಂಗೈಗೆ, ಮತ್ತೆ ಕೆನ್ನೆಗೆ, ಕೊನೆಗೆ ಪೇಸ್ಟ್ ಇಲ್ಲದೆ ಮುಂದಿನ ಹಲ್ಲಿಗೆ ಐದು ಎಣಿಸುವಷ್ಟು ಹೊತ್ತು. ಅಳು ಬಂದರೆ ಹಿಂದಿನ ಹಂತಕ್ಕೆ ವಾಪಸ್. ಅಲ್ಲಿಯವರೆಗೆ ದಿನದ ಉಜ್ಜುವಿಕೆ ಹಳೆಯ ಬ್ರಷ್‌ನಲ್ಲೇ ನಡೆಯಲಿ.